ಮೆಟ್ಟುಪಾಳ್ಯದ ಉಗಿಬಂಡಿಗೆ ಹೊಸ ಬಾಯ್ಲರ್ ಯಾಕೆ ಬೇಕಾಯ್ತು?

ಊಟಿಗೆ ಹೋಗಿ ಬಂದ ಮಕ್ಕಳನ್ನು "ರೈಲು ಹತ್ತಿದಿರಾ?" ಅಂತ ಕೇಳಿದರೆ ಬಹಳ ಮಂದಿ ಹೌದು ಅನ್ನುತ್ತಾರೆ. "ಉಗಿ ಎಂಜಿನ್ ನೋಡಿದಿರಾ?" ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಅವರದೇನೂ ತಪ್ಪಿಲ್ಲ. ಮೈಸೂರು, ಗುಂಡ್ಲುಪೇಟೆ ಕಡೆಯಿಂದ ಬಸ್ಸಿನಲ್ಲಿ ಹೋದವರು ಊಟಿ-ಕೂನೂರು ನಡುವಿನ ರೈಲು ಹತ್ತುತ್ತಾರೆ. ಅದನ್ನು ಎಳೆಯುವುದು ಡೀಸೆಲ್ ಎಂಜಿನ್. ಉಗಿ ಎಂಜಿನ್ ಓಡುವುದು ಬೆಟ್ಟದ ಬುಡದ ಮೆಟ್ಟುಪಾಳ್ಯಕ್ಕೂ ಕೂನೂರಿಗೂ ನಡುವೆ.

ಮೆಟ್ಟುಪಾಳ್ಯಂ ಸಮುದ್ರಮಟ್ಟದಿಂದ 326 ಮೀಟರ್ ಎತ್ತರದಲ್ಲಿದೆ, ಕೂನೂರು ಸುಮಾರು 1,712 ಮೀಟರ್. ಈ ದಾರಿ 1899ರಲ್ಲಿ ಶುರುವಾಯಿತು, 1908ರಲ್ಲಿ ಊಟಿವರೆಗೆ ಮುಟ್ಟಿತು. ಕಲ್ಲಾರ್ ದಾಟಿದ ಮೇಲೆ ಏರು ಎಷ್ಟು ಕಡಿದು ಅಂದರೆ, 12.5 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ ಹೋದಂತೆ. ಬರೀ ಚಕ್ರ ಜಾರುತ್ತದೆ ಅಂತ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು, ಬೋಗಿಗಳನ್ನು ಹಿಂದಿನಿಂದ ತಳ್ಳಿಕೊಂಡು ಏರುತ್ತದೆ.

ಇಲ್ಲಿ ದುಡಿದ 'ಎಕ್ಸ್' ವರ್ಗದ ಎಂಜಿನ್‌ಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾದವು. ನೂರು ವರ್ಷದ ಹತ್ತಿರ ಬಂದ ಎಂಜಿನ್ನಿನಲ್ಲಿ ಮೊದಲು ದಣಿಯುವುದು ಚಕ್ರವಲ್ಲ, ಬಾಯ್ಲರ್. ಉಗಿ ಕಾಲದಲ್ಲಿ ಚೌಕಟ್ಟು ಹಾಗೇ ಇಟ್ಟುಕೊಂಡು ಬಾಯ್ಲರ್ ಮಾತ್ರ ಬದಲಿಸುವುದು ರೈಲ್ವೆ ವರ್ಕ್‌ಶಾಪ್‌ಗಳಲ್ಲಿ ಮಾಮೂಲಿ ಕೆಲಸವಾಗಿತ್ತು. ಯಾಕೆ ಹಾಗೆ?

ಬಾಯ್ಲರ್ ಅಂದರೆ ನೀರು ತುಂಬಿದ ದೊಡ್ಡ ಉಕ್ಕಿನ ಪೀಪಾಯಿ. ಒಂದು ತುದಿಯಲ್ಲಿ ಬೆಂಕಿಪೆಟ್ಟಿಗೆ. ಅಲ್ಲಿನ ಬಿಸಿ ಹೊಗೆ ನೀರಿನ ನಡುವೆ ಹಾದುಹೋಗುವ ಕೊಳವೆಗಳೊಳಗೆ ನುಗ್ಗಿ, ಇನ್ನೊಂದು ತುದಿಯ ಚಿಮಣಿಯಿಂದ ಹೊರಗೆ ಹೋಗುತ್ತದೆ. ಬೆಂಕಿ ಸಾವಿರ ಡಿಗ್ರಿ ದಾಟಿರುತ್ತದೆ. ಅಷ್ಟು ಶಾಖಕ್ಕೆ ಉಕ್ಕು ಮೆತ್ತಗಾಗಬೇಕಲ್ಲ? ಆಗುವುದಿಲ್ಲ. ನಿಮ್ಮ ಮೇಷ್ಟ್ರು ಜೊತೆಗಿರುವಾಗ ಇದನ್ನು ಮಾಡಿ ನೋಡಿ: ಬರೀ ಕಾಗದದ ದೊನ್ನೆಯಲ್ಲಿ ನೀರು ಹಾಕಿ ಮೇಣದಬತ್ತಿಯ ಮೇಲೆ ಹಿಡಿಯಿರಿ. ನೀರು ಬಿಸಿಯಾಗುತ್ತದೆ, ಕಾಗದ ಉರಿಯುವುದಿಲ್ಲ. ಬಂದ ಶಾಖವನ್ನೆಲ್ಲ ನೀರು ಎಳೆದುಕೊಳ್ಳುತ್ತದೆ. 1 ಕಿಲೋ ಕುದಿಯುವ ನೀರು ಉಗಿಯಾಗಲು ಸುಮಾರು 2,260 ಕಿಲೋಜೌಲ್ ಶಾಖ ಬೇಕು. ನೀವು ಪಾಠದಲ್ಲಿ ಓದಿದ ಗುಪ್ತೋಷ್ಣ ಇದೇ. ಬಾಯ್ಲರ್ ಉಕ್ಕಿನ ಪ್ರಾಣ ಉಳಿಸುವುದು ಅದರ ಬೆನ್ನಿಗಿರುವ ನೀರು.

ಈಗ ಹಳೆಯ ಬಾಯ್ಲರಿನ ಕಷ್ಟ ನೋಡೋಣ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೀವು ಕಂಡಿದ್ದೀರಿ. ಗಡಸು ನೀರಿನ ಲವಣಗಳು ಬಾಯ್ಲರಿನೊಳಗೂ ಹಾಗೇ ಕೂರುತ್ತವೆ. ಈ ಪದರ ಶಾಖವನ್ನು ಉಕ್ಕಿಗಿಂತ ಹತ್ತಾರು ಪಟ್ಟು ಕಡಿಮೆ ಸಾಗಿಸುತ್ತದೆ. ಅಂದರೆ ನೀರಿಗೂ ಉಕ್ಕಿಗೂ ನಡುವೆ ಒಂದು ಕಂಬಳಿ ಹೊದಿಸಿದಂತಾಯ್ತು. ಶಾಖ ನೀರಿಗೆ ದಾಟದೆ ಉಕ್ಕಿನಲ್ಲೇ ಉಳಿಯುತ್ತದೆ, ಉಕ್ಕು ಕಾಯುತ್ತದೆ, ಉಬ್ಬುತ್ತದೆ. ಇದರ ಜೊತೆ ತುಕ್ಕು ಬೇರೆ. ದಿನವೂ ಕಾದು ದಿನವೂ ಆರುವುದರಿಂದ ಹಿಗ್ಗಿ ಕುಗ್ಗಿ ಸಣ್ಣ ಬಿರುಕುಗಳೂ ಬೀಳುತ್ತವೆ. ಕೊಳವೆ ಹಾಳಾದರೆ ಕೊಳವೆ ಬದಲಿಸಬಹುದು. ಆದರೆ ಹೊರಗಿನ ತಗಡೇ ತೆಳ್ಳಗಾದ ಮೇಲೆ ತೇಪೆ ಹಾಕಿ ಪ್ರಯೋಜನವಿಲ್ಲ.

ಬೆಟ್ಟ ಹತ್ತುವ ಬಾಯ್ಲರಿಗೆ ಇನ್ನೊಂದು ತಾಪತ್ರಯ. ಬಾಯ್ಲರ್ ಓರೆಯಾದರೂ ಒಳಗಿನ ನೀರಿನ ಮಟ್ಟ ಓರೆಯಾಗುವುದಿಲ್ಲ! 3 ಮೀಟರ್ ಉದ್ದದ ಬಾಯ್ಲರ್ ಅಂತ ಇಟ್ಟುಕೊಳ್ಳಿ. 12.5ಕ್ಕೆ 1ರ ಏರಿನಲ್ಲಿ ಒಂದು ತುದಿ ಇನ್ನೊಂದಕ್ಕಿಂತ 24 ಸೆಂಟಿಮೀಟರ್ ಮೇಲಿರುತ್ತದೆ. ಮೇಲಿನ ತುದಿಯಲ್ಲಿ ನೀರಿನ ಆಳ ಕೆಳಗಿನ ತುದಿಗಿಂತ ಅಷ್ಟು ಕಡಿಮೆಯಾಯಿತು. ಬೆಂಕಿ ತಾಗುವ ಉಕ್ಕು ಎಲ್ಲಾದರೂ ನೀರಿನಿಂದ ಹೊರಗೆ ಬಂದರೆ ಕಥೆ ಮುಗಿಯಿತು. ಅದಕ್ಕೇ ಚಾಲಕರು ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಮೇಲಿಂದ ಕಣ್ಣು ತೆಗೆಯುವಂತಿಲ್ಲ.

ನೀಲಗಿರಿ ರೈಲಿಗೆ ಬರೀ ಬಾಯ್ಲರ್ ಅಲ್ಲ, ಎಂಜಿನ್ನನ್ನೇ ಹೊಸದಾಗಿ ಕಟ್ಟಿದರು. ತಿರುಚಿರಾಪಳ್ಳಿಯ ಪೊನ್ಮಲೈ ರೈಲ್ವೆ ವರ್ಕ್‌ಶಾಪಿನಲ್ಲಿ 2011ರಿಂದೀಚೆಗೆ ಹಳೆಯ ನಮೂನೆಯಲ್ಲೇ ಹೊಸ ಉಗಿ ಎಂಜಿನ್‌ಗಳು ತಯಾರಾದವು. ನೋಡಲು ಅಜ್ಜನ ಹಾಗೆಯೇ, ಆದರೆ ಕಲ್ಲಿದ್ದಲ ಬದಲು ಎಣ್ಣೆ ಉರಿಸುತ್ತವೆ. ಲೆಕ್ಕ ಸುಲಭ. ನಮ್ಮ ದೇಶದ ಕಲ್ಲಿದ್ದಲು ಕಿಲೋಗೆ 20 ಮೆಗಾಜೌಲ್ ಆಸುಪಾಸು ಶಾಖ ಕೊಟ್ಟರೆ, ಫರ್ನೇಸ್ ಎಣ್ಣೆ ಸುಮಾರು 40 ಕೊಡುತ್ತದೆ. ಅರ್ಧ ತೂಕ ಹೊತ್ತರೆ ಸಾಕು. ಸಲಿಕೆಯಲ್ಲಿ ಎಸೆಯುವ ಶ್ರಮವಿಲ್ಲ, ಬೂದಿಯಿಲ್ಲ, ಬೇಸಿಗೆಯ ಒಣ ಕಾಡಿನ ಮೇಲೆ ಕೆಂಡದ ಕಿಡಿ ಹಾರುವ ಭಯವೂ ಕಡಿಮೆ. ಹಾಗಿದ್ದೂ 2021ರಲ್ಲಿ ಅದೇ ವರ್ಕ್‌ಶಾಪ್ ಕಲ್ಲಿದ್ದಲಿನದೇ ಒಂದು ಹೊಸ ಎಂಜಿನ್ ಕಟ್ಟಿತು. 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ರೈಲಿದು. ಇಂಥ ಕಡೆ ಬರೀ ಇಂಧನದ ಲೆಕ್ಕ ನಡೆಯುವುದಿಲ್ಲ ಅಂತ ಕಾಣುತ್ತದೆ. ನನಗೂ ಕಲ್ಲಿದ್ದಲ ಹೊಗೆಯ ವಾಸನೆ ಇಷ್ಟವೇ, ವಿಜ್ಞಾನದ ಮೇಷ್ಟ್ರು ಹೀಗೆ ಹೇಳಬಾರದೇನೋ.

ಹೊಸ ಬಾಯ್ಲರನ್ನು ನೇರವಾಗಿ ಬೆಂಕಿಗೆ ಇಡುವುದಿಲ್ಲ. ಮೊದಲು ಅದರ ತುಂಬ ತಣ್ಣೀರು ತುಂಬಿ, ಪಂಪಿನಿಂದ ಒತ್ತಡ ಏರಿಸುತ್ತಾರೆ, ಸಾಮಾನ್ಯವಾಗಿ ಕೆಲಸದ ಒತ್ತಡದ ಒಂದೂವರೆ ಪಟ್ಟು. ನೀರೇ ಯಾಕೆ, ಗಾಳಿ ಯಾಕಲ್ಲ? ಗಾಳಿ ತುಂಬಿದ ಸೈಕಲ್ ಟ್ಯೂಬ್ ಒಡೆದರೆ ಡಬ್ ಅನ್ನುತ್ತದೆ, ನೀರು ತುಂಬಿದ ಟ್ಯೂಬ್ ಒಡೆದರೆ ಸುರಿಯುತ್ತದೆ ಅಷ್ಟೇ. ಗಾಳಿ, ಉಗಿಗಳನ್ನು ಅದುಮಿದರೆ ಶಕ್ತಿ ಕೂಡಿಡುತ್ತವೆ. ನೀರು ಅದುಮಿಸಿಕೊಳ್ಳುವುದೇ ಇಲ್ಲ ಅನ್ನುವಷ್ಟು ಕಡಿಮೆ. ತಗಡಿನಲ್ಲಿ ದೋಷವಿದ್ದರೆ ನೀರು ಒಸರಿ ಹೇಳಿಬಿಡುತ್ತದೆ, ಪಕ್ಕದಲ್ಲಿ ನಿಂತವರಿಗೆ ಅಪಾಯವೂ ಕಡಿಮೆ.

ನಿಮ್ಮ ಮನೆಯಲ್ಲೂ ಒಂದು ಬಾಯ್ಲರ್ ಇದೆ, ಕುಕ್ಕರ್. ಅದರೊಳಗೆ ವಾತಾವರಣದ ಎರಡು ಪಟ್ಟು ಒತ್ತಡ, ನೀರು ಕುದಿಯುವುದು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹತ್ತು ಪಟ್ಟಾದರೆ 180 ಡಿಗ್ರಿ. ಕುಕ್ಕರ್ ಮುಚ್ಚಳದಲ್ಲಿ ವೆಯ್ಟ್ ಅಲ್ಲದೆ ಒಂದು ಪುಟ್ಟ ಸೇಫ್ಟಿ ವಾಲ್ವ್ ಇರುತ್ತದಲ್ಲ, ಅದರ ನಡುವೆ ಬೇಗ ಕರಗುವ ಲೋಹವಿದೆ. ನೀರು ಬತ್ತಿ ಕುಕ್ಕರ್ ಕಾದರೆ ಆ ಲೋಹ ಕರಗಿ ಉಗಿಗೆ ದಾರಿ ಬಿಡುತ್ತದೆ. ಉಗಿ ಎಂಜಿನ್ನಿನ ಬೆಂಕಿಪೆಟ್ಟಿಗೆಯ ನೆತ್ತಿಯಲ್ಲೂ ಇಂಥದೇ ಕರಗುವ ಬಿರಡೆ ಇರುತ್ತದೆ. ನೀರು ಅದಕ್ಕಿಂತ ಕೆಳಗಿಳಿದರೆ ಅದು ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗಿ ಚಾಲಕರನ್ನು ಎಚ್ಚರಿಸುತ್ತದೆ.

ನಮ್ಮ ನೆಂಟರ ಮನೆಯಲ್ಲಿ ಒಮ್ಮೆ ನೋಡಿದೆ: ಕುಕ್ಕರಿನ ಸೇಫ್ಟಿ ವಾಲ್ವ್ ಎರಡು ಸಲ ಹೋಯಿತು ಅಂತ ಆ ತೂತಿಗೆ ಬೋಲ್ಟ್ ಹಾಕಿ ಬಿಗಿದಿದ್ದರು. "ಈಗ ಸೋರೋದೇ ಇಲ್ಲ ನೋಡಪ್ಪ" ಅಂತ ಅತ್ತೆಗೆ ಖುಷಿ. ನಾನು ಅನ್ನ ಆಗುವವರೆಗೂ ಕಾಯದೆ ಒಲೆ ಆರಿಸಿ, ಕುಕ್ಕರ್ ತಣ್ಣಗಾದ ಮೇಲೆ ಬೋಲ್ಟ್ ಬಿಚ್ಚಿಸಿದೆ. ಇವತ್ತು ಸಂಜೆ ತಣ್ಣಗಿರುವ ಕುಕ್ಕರಿನ ಮುಚ್ಚಳವನ್ನು ಅಮ್ಮನ ಜೊತೆ ಕೂತು ನೋಡಿ. ವೆಯ್ಟ್ ಕೂರುವ ತೂತಿನಲ್ಲಿ ಬೆಳಕು ಕಾಣುತ್ತದಾ? ಸೇಫ್ಟಿ ವಾಲ್ವ್ ಅದೇ ಕಂಪನಿಯದಾ? ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ತನ್ನಿ.