ಗೇರ್‌ಬಾಕ್ಸ್ ಬದಲಾದ ಮೇಲೆ ಮೀಟರನ್ನು ಸರಿಪಡಿಸುವ ಬಗೆ

ರೇಷ್ಮೆಗೂಡಿನ ಮೂಟೆಗಳನ್ನು ಹೇರಿಕೊಂಡು ಮಾಗಡಿಯ ಕಡೆಯಿಂದಲೂ ಕನಕಪುರದ ಕಡೆಯಿಂದಲೂ ರಾಮನಗರದ ಮಾರುಕಟ್ಟೆಗೆ ಬರುತ್ತಿದ್ದ ಹಳೆಯ ಅಂಬಾಸಿಡರ್ ಕಾರುಗಳೂ ಮಹೀಂದ್ರ ಜೀಪುಗಳೂ ಈಗ ವಿರಳವಾಗಿವೆಯಾದರೂ, ತಂದೆಯ ಕಾಲದ ಗಾಡಿಯೆಂಬ ಮಮತೆಯಿಂದ ಅವನ್ನು ಮಾರಲೊಲ್ಲದೆ, ರಿಪೇರಿ ಮಾಡಿಸುತ್ತಲೇ ಓಡಿಸುವ ಮನೆಗಳು ಈ ಸೀಮೆಯಲ್ಲಿ ಇನ್ನೂ ಉಂಟು. ಇಂತಹ ಗಾಡಿಯ ಮೂಲ ಗೇರ್‌ಬಾಕ್ಸ್ ಸವೆದು, ಅದೇ ಜಾತಿಯದು ಎಲ್ಲಿಯೂ ದೊರೆಯದಾದಾಗ, ಅನ್ಯವಾದುದೊಂದನ್ನು ತಂದು ಕೂರಿಸಬೇಕಾಗುತ್ತದೆ. ನಾಲ್ಕು ಗೇರಿನ ಅಂಬಾಸಿಡರಿಗೆ, 1990ರ ದಶಕದಲ್ಲಿ ಬಂದ 1.8 ಲೀಟರಿನ ಇಸುಜು ಎಂಜಿನ್ನನ್ನು ಅದರ ಐದು ಗೇರಿನ ಪೆಟ್ಟಿಗೆಯ ಸಮೇತ ಹಾಕಿಸುವುದು ಇದಕ್ಕೆ ಪರಿಚಿತ ನಿದರ್ಶನ. ಗಾಡಿ ಹಗುರವಾಗಿ ಓಡತೊಡಗುತ್ತದೆ, ಒಡೆಯನಿಗೆ ಸಂತೋಷವಾಗುತ್ತದೆ. ಆದರೆ ಅಂದಿನಿಂದ ವೇಗದ ಮೀಟರು ತೋರಿಸುವುದೊಂದು, ಗಾಡಿ ಓಡುವುದೊಂದು ಎಂಬಂತಾಗುತ್ತದೆ.

ಇದು ಅಲಕ್ಷ್ಯ ಮಾಡತಕ್ಕ ದೋಷವಲ್ಲ. ಹತ್ತು ಕಿಲೋಮೀಟರಿನ ಓಟವನ್ನು 8.6 ಎಂದು ಲೆಕ್ಕ ಹಿಡಿಯುವ ಮೀಟರಿನಲ್ಲಿ ಮುಳ್ಳು 100ರ ಮೇಲೆ ನಿಂತಿರುವಾಗ ಗಾಡಿ ವಾಸ್ತವವಾಗಿ 116ರ ವೇಗದಲ್ಲಿರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ವಿಧಿಸಿರುವ ಮಿತಿ 100 ಎಂಬುದನ್ನೂ, ಅಲ್ಲಿ ಕ್ಯಾಮೆರಾಗಳು ಕಾವಲಿರುವುದನ್ನೂ ನೆನೆದರೆ ಇದರ ಪರಿಣಾಮ ತಾನಾಗಿಯೇ ತಿಳಿಯುತ್ತದೆ. ಚಾಲಕನಿಗೆ ವೇಗವನ್ನು ಸದಾ ತೋರಿಸುವ ಸಾಧನವು ವಾಹನದಲ್ಲಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೆಯ ನಿಯಮವು ವಿಧಿಸುತ್ತದೆ. ಮೀಟರು ನಿಜವೇಗಕ್ಕಿಂತ ಕೊಂಚ ಹೆಚ್ಚು ತೋರಿಸಬಹುದು, ಎಂದಿಗೂ ಕಡಿಮೆ ತೋರಿಸಬಾರದು ಎಂಬುದು ಅಂತಾರಾಷ್ಟ್ರೀಯವಾಗಿ ಒಪ್ಪಿರುವ ಮಾನದಂಡ.

ಹಲವರು ಈ ದೋಷಕ್ಕೆ ಮುಳ್ಳನ್ನೇ ಕಿತ್ತು ಬೇರೆ ಸ್ಥಾನದಲ್ಲಿ ಕೂರಿಸುವುದೆಂಬ ಸುಲಭೋಪಾಯವನ್ನು ಹುಡುಕುತ್ತಾರೆ. ಇದು ಸರ್ವಥಾ ಕೂಡದು. ಮುಳ್ಳನ್ನು ಸರಿಸಿದರೆ ಒಂದು ವೇಗದಲ್ಲಿ ಮಾತ್ರ ಲೆಕ್ಕ ಸರಿಹೋಗಿ, ಮಿಕ್ಕೆಲ್ಲ ವೇಗಗಳಲ್ಲಿಯೂ ತಪ್ಪಾಗಿಯೇ ಉಳಿಯುತ್ತದೆ. ಕೇಬಲ್ಲಿನ ಮೀಟರಿನ ರಚನೆಯನ್ನು ಬಲ್ಲವರಿಗೆ ಇದರ ಕಾರಣ ಸ್ಪಷ್ಟ. ಗೇರ್‌ಬಾಕ್ಸಿನ ಹಿಂಬದಿಯ ಶಾಫ್ಟಿನ ಮೇಲಿರುವ ಹಲ್ಲಿನ ಸುರುಳಿಯು ಮೀಟರ್ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರವನ್ನು ತಿರುಗಿಸುತ್ತದೆ, ಪಿನಿಯನ್ನು ಕೇಬಲ್ಲನ್ನು, ಕೇಬಲ್ಲು ಮೀಟರಿನೊಳಗಿನ ಅಯಸ್ಕಾಂತವನ್ನು. ಆ ಅಯಸ್ಕಾಂತವು ತನ್ನನ್ನು ಮುಟ್ಟದೆಯೇ ಸುತ್ತುವರಿದಿರುವ ಲೋಹದ ಬಟ್ಟಲನ್ನು ಸುಳಿ ವಿದ್ಯುತ್ತಿನ ಬಲದಿಂದ ಎಳೆಯುತ್ತದೆ. ಬಟ್ಟಲಿನ ಎಳೆತವನ್ನು ನವಿರಾದ ಸ್ಪ್ರಿಂಗು ತಡೆದು ನಿಲ್ಲಿಸಿದೆಡೆಯಲ್ಲಿ ಮುಳ್ಳು ನಿಲ್ಲುತ್ತದೆ. 1902ರಲ್ಲಿ ಜರ್ಮನಿಯ ಒಟ್ಟೊ ಶುಲ್ಟ್ಸೆ ಎಂಬಾತನು ಪೇಟೆಂಟು ಪಡೆದ ಈ ತತ್ತ್ವವು ನಮ್ಮ ಹಳೆಯ ಗಾಡಿಗಳಲ್ಲಿ ಇಂದಿಗೂ ಹಾಗೆಯೇ ನಡೆದಿದೆ. ಕಿಲೋಮೀಟರು ಎಣಿಸುವ ಅಂಕಿಚಕ್ರಗಳಾದರೋ ಅದೇ ಕೇಬಲ್ಲಿನಿಂದ, ಅಯಸ್ಕಾಂತದ ಹಂಗಿಲ್ಲದೆ, ನೇರವಾಗಿ ಹಲ್ಲುಗಳ ಮೂಲಕ ತಿರುಗುತ್ತವೆ.

ದೋಷವನ್ನು ಪತ್ತೆ ಮಾಡುವ ಕೀಲಿ ಈ ಕಡೆಯ ಸಂಗತಿಯಲ್ಲಿಯೇ ಇದೆ. ಮುಳ್ಳೂ ಅಂಕಿಚಕ್ರವೂ ಒಂದೇ ಪ್ರಮಾಣದಲ್ಲಿ ತಪ್ಪುತ್ತಿದ್ದರೆ ದೋಷವು ಹಲ್ಲುಗಳ ಅನುಪಾತದಲ್ಲಿದೆ. ಅಂಕಿಚಕ್ರ ಸರಿಯಾಗಿದ್ದು ಮುಳ್ಳು ಮಾತ್ರ ತಪ್ಪುತ್ತಿದ್ದರೆ ದೋಷವು ಮೀಟರಿನೊಳಗಿನ ಅಯಸ್ಕಾಂತದಲ್ಲೋ ಸ್ಪ್ರಿಂಗಿನಲ್ಲೋ ಇದ್ದು, ಅದು ಮೀಟರು ರಿಪೇರಿಯವರ ಪಾಲಿನ ಕೆಲಸವಾಗುತ್ತದೆ.

ಆದುದರಿಂದ ಪರೀಕ್ಷೆಗೆ ಮೊದಲು ಟೈರುಗಳ ಅಳತೆ ಮೂಲದ್ದೇ ಆಗಿದೆಯೇ, ಗಾಳಿ ಸರಿಯಾಗಿದೆಯೇ ಎಂದು ನೋಡಿಕೊಂಡು, ಜೊತೆಯಲ್ಲೊಬ್ಬರನ್ನು ಕೂರಿಸಿಕೊಂಡು ಹೊರಡಬೇಕು. ಸಾವನದುರ್ಗದ ಕಡೆಯ ತಿರುವುಗಳ ರಸ್ತೆ ಇದಕ್ಕೆ ಒಗ್ಗದು. ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವ ಹಳೆಯ ರಸ್ತೆಯಂತಹದು, ಜನಸಂಚಾರ ಕಡಿಮೆಯಿರುವ ಹೊತ್ತಿನಲ್ಲಿ, ಉತ್ತಮ. ರಸ್ತೆ ಅಗಲವಾದಾಗ ಒಂದೆರಡು ಕಿಲೋಮೀಟರು ಕಲ್ಲುಗಳು ಸ್ಥಳ ಬದಲಿಸಿರಬಹುದಾದ ಕಾರಣ, ಒಂದು ಕಿಲೋಮೀಟರನ್ನು ನಂಬದೆ ಹತ್ತು ಕಲ್ಲುಗಳ ಅಂತರವನ್ನು ಹಿಡಿದು, ಅಂಕಿಚಕ್ರ ಎಷ್ಟು ತೋರಿಸಿತೆಂದು ಬರೆದುಕೊಳ್ಳತಕ್ಕದ್ದು. ಬಳಿಕ ಮುಳ್ಳನ್ನು ಒಂದೇ ಸ್ಥಾನದಲ್ಲಿ ಸ್ಥಿರವಾಗಿಟ್ಟು, ಒಂದು ಕಿಲೋಮೀಟರಿಗೆ ಹಿಡಿದ ಸೆಕೆಂಡುಗಳನ್ನು ಜೊತೆಗಾರರು ಎಣಿಸಲಿ: 3600ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ನಿಜವೇಗ ದೊರೆಯುತ್ತದೆ. 60 ಸೆಕೆಂಡಾದರೆ 60ರ ವೇಗ, 72 ಆದರೆ 50, 90 ಆದರೆ 40. ಮೊಬೈಲಿನ ಜಿಪಿಎಸ್ ವೇಗದೊಡನೆ ತಾಳೆ ನೋಡುವುದೂ ಒಳ್ಳೆಯದೇ. ಆದರೆ ಮೊಬೈಲು ಚಾಲಕನ ಕೈಯಲ್ಲಿರಬಾರದು.

ಎರಡನೆಯ ಪರೀಕ್ಷೆ ಮನೆಯ ಮುಂದಿನ ಸಮತಟ್ಟಾದ ನೆಲದಲ್ಲಿಯೇ ಆಗತಕ್ಕದ್ದು, ಮತ್ತು ನನ್ನ ಮಟ್ಟಿಗೆ ಇದೇ ಹೆಚ್ಚು ನಂಬಿಕೆಗೆ ಅರ್ಹವಾದುದು. ಮೀಟರಿನ ಹಿಂದಿನಿಂದ ಕೇಬಲ್ಲನ್ನು ಬಿಚ್ಚಿ, ಒಳಗಿನ ತಂತಿಯ ತುದಿಗೆ ರಟ್ಟಿನ ಸಣ್ಣ ಬಾಣವೊಂದನ್ನು ಚುಚ್ಚಿ, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಟೇಪಿನಿಂದ ಅಳೆದು ಗುರುತು ಹಾಕಿದ 20 ಮೀಟರುಗಳಷ್ಟು ದೂರ ಗಾಡಿಯನ್ನು ನೇರವಾಗಿ ತಳ್ಳಿ, ಬಾಣ ಎಷ್ಟು ಸುತ್ತು ಸುತ್ತಿತೆಂದು ಎಣಿಸಬೇಕು. ಒಂದೇ ಚಕ್ರವನ್ನು ಜಾಕಿನ ಮೇಲೆತ್ತಿ ತಿರುಗಿಸಿ ಎಣಿಸುವವರು, ಡಿಫರೆನ್ಷಿಯಲ್ಲಿನ ಕಾರಣದಿಂದ ಸುತ್ತುಗಳು ಅರ್ಧವಾಗುತ್ತವೆಂಬುದನ್ನು ಮರೆತು ಮೋಸಹೋಗುತ್ತಾರೆ. ಬಾಣ 11 ಸುತ್ತು ಬಂದಿತೆನ್ನೋಣ. ಅಂದರೆ ಕಿಲೋಮೀಟರಿಗೆ 550. ಇನ್ನು ಮೀಟರು ಬೇಡುವುದೆಷ್ಟು? ಜಪಾನೀ ಪದ್ಧತಿಯಲ್ಲಿ ಕಿಲೋಮೀಟರಿಗೆ 637 ಸುತ್ತು. ಹಳೆಯ ಇಂಗ್ಲಿಷ್ ಮೀಟರುಗಳಲ್ಲಿ ಈ ಸಂಖ್ಯೆ ಮುಖದ ಮೇಲೆಯೇ ಸಣ್ಣದಾಗಿ ಅಚ್ಚಾಗಿರುತ್ತದೆ, ಅದು ಮೈಲಿಯ ಲೆಕ್ಕವಾದರೆ 1.609ರಿಂದ ಭಾಗಿಸಬೇಕು. 550ನ್ನು 637ರಿಂದ ಭಾಗಿಸಿದರೆ 0.86, ಹತ್ತು ಕಲ್ಲುಗಳಿಗೆ 8.6 ತೋರಿಸಿದ ಮೀಟರಿನ ಕಥೆಯೂ ಇದೇ. ಎರಡು ಪರೀಕ್ಷೆಗಳೂ ಹೀಗೆ ಒಂದನ್ನೊಂದು ಸಮರ್ಥಿಸಿದ ಮೇಲೆಯೇ ಸ್ಪ್ಯಾನರಿಗೆ ಕೈಹಾಕುವುದು ಯುಕ್ತ.

ಈಗ ಪಿನಿಯನ್ನನ್ನು ಹೊರತೆಗೆದು ಹಲ್ಲುಗಳನ್ನು ಎಣಿಸಿ. ಇಪ್ಪತ್ತಿದ್ದರೆ, ಇಪ್ಪತ್ತನ್ನು 0.86ರಿಂದ ಗುಣಿಸಿದಾಗ 17.2 ಬರುತ್ತದೆ, ಹಲ್ಲು ಕಡಿಮೆಯಾದಷ್ಟೂ ಕೇಬಲ್ಲು ವೇಗವಾಗಿ ಸುತ್ತುವುದರಿಂದ, 17 ಹಲ್ಲಿನದನ್ನು ಹಾಕಿದರೆ ಮೀಟರು ಹತ್ತಕ್ಕೆ 10.1 ತೋರಿಸುತ್ತದೆ, 18ರದನ್ನು ಹಾಕಿದರೆ 9.6ರ ಆಸುಪಾಸು. ಹೆಚ್ಚು ತೋರಿಸುವುದು ಕ್ಷೇಮವಾದುದರಿಂದ 17ನ್ನೇ ಆರಿಸಬೇಕು. ಹಲ್ಲು ಬದಲಾದಾಗ ಪಿನಿಯನ್ನಿನ ವ್ಯಾಸವೂ ಬದಲಾಗುವ ಕಾರಣ, ಕೆಲವು ಪೆಟ್ಟಿಗೆಗಳಲ್ಲಿ ಅದರ ಹೊರಕವಚವನ್ನು ತಿರುಗಿಸಿ ಹೊಂದಿಸಬೇಕಾಗುತ್ತದೆ. ಬಲವಂತವಾಗಿ ಬಿಗಿದರೆ ಹಲ್ಲುಗಳು ಕಿತ್ತುಬರುತ್ತವೆ. ಆಯಿಲ್ ಸೀಲನ್ನು ಹೊಸದಾಗಿಯೇ ಹಾಕಿಸಿ. ಹಳೆಯದನ್ನು ಉಳಿಸಿಕೊಂಡರೆ ಎಣ್ಣೆಯು ಕೇಬಲ್ಲಿನ ಗುಂಟ ಏರಿ ಮೀಟರನ್ನೇ ಹಾಳುಮಾಡುತ್ತದೆ. ಕೇಬಲ್ಲಿಗೆ ತೆಳುವಾಗಿ ಗ್ರೀಸು ಸವರಿ, ಮೀಟರಿನ ಕಡೆಯ ಗೇಣುದ್ದವನ್ನು ಒಣಗಿರಗೊಡಿ.

ಬೇಕಾದ ಪಿನಿಯನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿಯೂ ದೊರೆಯದಿದ್ದರೆ, ಮಾದರಿ ಕೊಟ್ಟು ಕೊರೆಯಿಸಬಹುದು. ಚನ್ನಪಟ್ಟಣದ ಬೊಂಬೆಗಾರರ ಚಕ್ರದ ಮೇಲೆ ಮರವು ಎಷ್ಟು ನುಣುಪಾಗಿ ದುಂಡಗಾಗುತ್ತದೆಂಬುದನ್ನು ಕಂಡವರಿಗೆ ತಿರುಗಣೆಯ ಕೆಲಸ ಹೊಸದಲ್ಲವಾದರೂ, ಓರೆಯಾದ ಹಲ್ಲನ್ನು ಕಡಿಯುವುದಕ್ಕೆ ಲೇತ್ ಒಂದೇ ಸಾಲದು, ಮಿಲ್ಲಿಂಗ್ ಯಂತ್ರವೇ ಬೇಕು. ಅದೂ ಆಗದಿದ್ದರೆ ಕೇಬಲ್ಲಿನ ನಡುವೆ ಕೂರಿಸುವ ಚಿಕ್ಕ ಅನುಪಾತದ ಪೆಟ್ಟಿಗೆಗಳು ಉಂಟು.

ನಾಲ್ಕು ಚಕ್ರ ಚಾಲನೆಯ ಹಳೆಯ ಜೀಪುಗಳಲ್ಲಿ ಮೀಟರಿನ ಕೇಬಲ್ಲು ಟ್ರಾನ್ಸ್‌ಫರ್ ಕೇಸಿನಿಂದ ಹೊರಡುವುದರಿಂದ, ಮುಂದಿನ ಗೇರ್‌ಬಾಕ್ಸನ್ನು ಮಾತ್ರ ಬದಲಿಸಿದರೆ ಮೀಟರು ಕೆಡದು. ಕೆಟ್ಟಿದ್ದರೆ ಟೈರನ್ನೋ ಕ್ರೌನ್–ಪಿನಿಯನ್ನನ್ನೋ ನೋಡಿ. ಸೆನ್ಸರಿನ ಮೂಲಕ ನಡೆಯುವ ಹೊಸ ಗಾಡಿಗಳಲ್ಲಿ ಹಲ್ಲಿಗೆ ಬದಲು ವಿದ್ಯುತ್ ಮಿಡಿತಗಳನ್ನು ಎಣಿಸಿ ತಿದ್ದುವ ಸಾಧನ ಬೇಕು. ಲೆಕ್ಕದ ಕ್ರಮ ಅದೇ. ಎಂಜಿನ್ನೂ ಬದಲಾಗಿದ್ದರೆ ಅದರ ಸಂಖ್ಯೆಯನ್ನು ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಸೇರಿಸಿಕೊಳ್ಳುವುದನ್ನು ಮರೆಯಬಾರದು.

ಕೆಲಸ ಮುಗಿದ ಮೇಲೆ ಅದೇ ಹತ್ತು ಕಲ್ಲುಗಳ ನಡುವೆ ಇನ್ನೊಮ್ಮೆ ಓಡಿಸಿ ನೋಡಿ. ಅಂಕಿಚಕ್ರವನ್ನು ಹಿಂದಕ್ಕೆ ತಿರುಗಿಸುವುದು ಮುಂದೆ ಕೊಳ್ಳುವವನಿಗೆ ಬಗೆಯುವ ದ್ರೋಹ. ಅದನ್ನು ಮಾಡಬೇಡಿ, ಮಾಡಿಸಲೂಬೇಡಿ. ಬದಲಿಸಿದ ದಿನಾಂಕವನ್ನೂ, ಅಂದಿನ ಅಂಕಿಯನ್ನೂ, ಹಳೆಯ ಹಾಗೂ ಹೊಸ ಹಲ್ಲುಗಳ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದು, ತೆಗೆದ ಪಿನಿಯನ್ನಿಗೆ ಕಟ್ಟಿ, ಗಾಡಿಯ ಕಾಗದಪತ್ರಗಳ ಜೊತೆಯಲ್ಲಿಯೇ ಇಡಿ.