ಮರುವಿಮೆಯ ಬಾಕಿ: ಬರಬೇಕಾದದ್ದೆಲ್ಲ ಬರುತ್ತದೆಯೇ?

ವಿಮಾ ಕಂಪನಿಯು ತನ್ನ ಅಪಾಯದ ಪಾಲು ಹೊರುವ ಮರುವಿಮಾದಾರರಿಂದ ಬರಬೇಕಾದ ಹಣವನ್ನು ಪೂರ್ತಿ ಆಸ್ತಿಯೆಂದು ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ. ಉತ್ತರ ಕೆರೊಲಿನಾದ ಷಾರ್ಲೆಟ್ ನಗರದಿಂದ ವ್ಯವಹರಿಸುತ್ತಿದ್ದ ಜೀವವಿಮೆಯ ಮರುವಿಮಾ ಕಂಪನಿ ಸ್ಕಾಟಿಷ್ ರೀ ಇದಕ್ಕೆ ಸಾಕ್ಷಿ. ಡೆಲವೇರ್ ನ್ಯಾಯಾಲಯ 2019ರ ಮಾರ್ಚ್‌ನಲ್ಲಿ ಅದನ್ನು ಪುನಶ್ಚೇತನ ಪ್ರಕ್ರಿಯೆಗೆ ಒಳಪಡಿಸಿತು. ಅದು ಫಲಿಸದೆ 2023ರ ಜುಲೈನಲ್ಲಿ ಸಮಾಪನೆಗೆ ಆದೇಶಿಸಿತು. ಮರುವಿಮಾದಾರ ದಿವಾಳಿಯಾದರೂ ಪಾಲಿಸಿದಾರರಿಗೆ ಹಣ ಕೊಡುವ ಹೊಣೆ ಮೂಲ ವಿಮಾ ಕಂಪನಿಯದೇ. ಆದ್ದರಿಂದ ನಿರೀಕ್ಷಿತ ನಷ್ಟವನ್ನು ಮೊದಲೇ ಕಳೆಯಬೇಕು. ಬಾಕಿ 100 ಕೋಟಿ, ಸುಸ್ತಿಯ (ಮರುವಿಮಾದಾರ ಹಣ ಕೊಡದಿರುವ) ಸಂಭವ ಶೇ 2, ಸುಸ್ತಿಯಾದಾಗ ಕೈತಪ್ಪುವ ಪಾಲು ಶೇ 50 ಎಂದಾದರೆ ಕಡಿತ 1 ಕೋಟಿ, ಮೌಲ್ಯ 99 ಕೋಟಿ. ಯುರೋಪಿನ ವಿಮಾ ನಿಯಂತ್ರಣ ನಿಯಮ ಸಾಲ್ವೆನ್ಸಿ 2, ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಫ್‌ಆರ್‌ಎಸ್ 17, ಅಮೆರಿಕದ ಲೆಕ್ಕಪತ್ರ ಮಾನದಂಡ ಮಂಡಳಿ ಎಫ್‌ಎಎಸ್‌ಬಿ 2016ರಲ್ಲಿ ಹೊರಡಿಸಿದ ನಿರೀಕ್ಷಿತ ಸಾಲನಷ್ಟ ನಿಯಮ ಮೂರೂ ಈ ಅಪಾಯವನ್ನು ಪರಿಗಣಿಸುತ್ತವೆ.

ಬ್ಯಾಂಕ್ ಖಾತರಿಪತ್ರ, ಅಡಮಾನ ಇರುವಾಗ ಕಡಿತವೇಕೆ ಎಂಬ ಆಕ್ಷೇಪವಿದೆ. ಅವು ಕೈತಪ್ಪುವ ಪಾಲನ್ನು ತಗ್ಗಿಸುತ್ತವೆ, ಸುಸ್ತಿಯ ಸಂಭವವನ್ನಲ್ಲ. ಉತ್ತಮ ರೇಟಿಂಗ್ ಸಾಕೆಂಬ ವಾದವೂ ದುರ್ಬಲ: ಕೆರೊಲಿನಾ ಕರಾವಳಿಗೆ ಭಾರಿ ಚಂಡಮಾರುತ ಅಪ್ಪಳಿಸಿದರೆ ಬಾಕಿಯ ಮೊತ್ತವೂ ಮರುವಿಮಾದಾರರ ಸಂಕಷ್ಟವೂ ಒಟ್ಟಿಗೇ ಏರುತ್ತವೆ.