ನರ ಪ್ರಚೋದನೆ ಇನ್ಹೇಲರ್‌ಗೆ ಬದಲಿಯಾದೀತೇ?

ಪ್ರಶ್ನೆ: ನನಗೆ ಬಹುಕಾಲದಿಂದ ಅಸ್ತಮಾ. ಕತ್ತಿನ ನರವನ್ನು ಪ್ರಚೋದಿಸುವ ಯಂತ್ರ ಬಂದಿದೆಯಂತೆ. ಇನ್ಹೇಲರ್ ಬಿಡಬಹುದೇ?

ಉತ್ತರ: ದಯವಿಟ್ಟು ಬಿಡಬೇಡಿ. ಈ ಚಿಕಿತ್ಸೆಗೆ ವೈಜ್ಞಾನಿಕ ತಳಹದಿಯೇ ಇಲ್ಲವೆಂದಲ್ಲ. ಮಿದುಳಿನಿಂದ ಕತ್ತಿನ ಮೂಲಕ ಶ್ವಾಸಕೋಶಕ್ಕೆ ಇಳಿಯುವ ವೇಗಸ್ ನರ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ಶ್ವಾಸನಾಳಗಳನ್ನು ಬಿಗಿಗೊಳಿಸುತ್ತದೆ. ಇಪ್ರಾಟ್ರೋಪಿಯಂ, ಟಿಯೋಟ್ರೋಪಿಯಂ ಔಷಧಗಳು ತಡೆಯುವುದು ಇದನ್ನೇ. ಹಾಗಾದರೆ ಅದೇ ನರವನ್ನು ಕೆಣಕಿದರೆ ಉಸಿರು ಇನ್ನಷ್ಟು ಕಟ್ಟುವುದಿಲ್ಲವೇ ಎಂದು ನೀವು ಕೇಳಬಹುದು. ಈ ನರದಲ್ಲಿ ಮಿದುಳಿಗೆ ಸಂದೇಶ ಒಯ್ಯುವ ತಂತುಗಳೇ ಹೆಚ್ಚು. ಸೌಮ್ಯ ವಿದ್ಯುತ್ ಪ್ರಚೋದನೆ ಮುಖ್ಯವಾಗಿ ಅವನ್ನು ಎಚ್ಚರಿಸಿ, ನಾಳಗಳನ್ನು ಸಡಿಲಿಸುವ ಪ್ರತಿಕ್ರಿಯೆಯನ್ನು ಹುಟ್ಟಿಸುತ್ತದೆ ಎಂಬುದು ಸಂಶೋಧಕರ ವಿವರಣೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಚಿಕಿತ್ಸೆಯನ್ನು ಒಪ್ಪಿತ್ತಲ್ಲವೇ ಎಂಬ ಮಾತೂ ಇದೆ. 2020ರ ಜುಲೈನಲ್ಲಿ ಗಾಮಾಕೋರ್ ಎಂಬ ನರ ಪ್ರಚೋದಕ ಸಾಧನಕ್ಕೆ ದೊರೆತದ್ದು ತುರ್ತು ಬಳಕೆಯ ಅನುಮತಿ ಮಾತ್ರ. ಅದೂ ಕೋವಿಡ್ ಇದ್ದ ಅಥವಾ ಶಂಕಿತರಾದ ವಯಸ್ಕರಲ್ಲಿ ಅಸ್ತಮಾ ಉಲ್ಬಣಿಸಿ, ಔಷಧಗಳು ಒಗ್ಗದಿದ್ದಾಗ ಅಥವಾ ಸಾಲದಿದ್ದಾಗ. ಪೂರ್ಣ ಮಾನ್ಯತೆಗೆ ಬೇಕಾಗುವ ಪುರಾವೆ ಬೇರೆಯೇ. ಮೇಲಾಗಿ, ಅಸ್ತಮಾದ ಮೂಲ ಶ್ವಾಸನಾಳದ ಉರಿಯೂತ; ಅದನ್ನು ಹತೋಟಿಯಲ್ಲಿಡುವುದು ಇನ್ಹೇಲರ್‌ನ ಸ್ಟಿರಾಯ್ಡ್. ಅದು ನಿಂತರೆ ಉರಿಯೂತ ಸದ್ದಿಲ್ಲದೆ ಮರಳಿ, ಪ್ರಾಣಾಪಾಯವೂ ಎದುರಾದೀತು. ಔಷಧದಿಂದ ಸಾಕಷ್ಟು ಗುಣ ಕಾಣದಿದ್ದರೆ, ಮೊದಲು ಇನ್ಹೇಲರ್ ಎಳೆಯುವ ವಿಧಾನವನ್ನು ಶ್ವಾಸಕೋಶ ತಜ್ಞರಿಗೆ ತೋರಿಸಿ ಸರಿಪಡಿಸಿಕೊಳ್ಳಿ.